ಸಮೀಕ್ಷೆಯ ಫಾರಂ ಬಂದಿದೆ, ‘ಧರ್ಮ’ದ ಮುಂದೆ ಎಲ್ಲಿ ಗುರುತು ಹಾಕಲಿ?

ತುಮಕೂರು_ಟು_ಓಹಾಯೋ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಅಂಚೆಯಲ್ಲಿ ದೊಡ್ಡದೊಂದು ಲಕೋಟೆ ಬಂತು. ಒಳಗೆ ಒಂದು ಕಾಗದ, ಕೆಲವು ಪುಟದ ಫಾರಂ, ವಾಪಸ್ ಕಳಿಸೋಕೆ ಸ್ಟಾಂಪ್ ಇರುವ ಕವರು. ಜೊತೆಗೆ ಗರಿಗರಿಯಾದ ಎರಡು ಡಾಲರ್ ನೋಟು. ಅಮ್ಮ ಊರಿಂದ ಬಂದು ಎರಡು ತಿಂಗಳಾಯ್ತು. ನೋಟು ನೋಡಿ, ‘ಯಾರ ಮನೆ ಮುಯ್ಯಿ ಇದು?’ ಅಂದರು.

ಅಮೆರಿಕದ ಜನಜೀವನದಲ್ಲಿ ಧರ್ಮ, ರಾಜಕೀಯ ಎರಡರ ಬಗ್ಗೆಯೂ ಸಮೀಕ್ಷೆಯಂತೆ. ಮನೆಯಲ್ಲಿರುವ ದೊಡ್ಡವರ ಪೈಕಿ ಯಾರ ಹುಟ್ಟುಹಬ್ಬ ಮೊದಲು ಬರುತ್ತದೋ ಅವರೇ ತುಂಬಬೇಕು ಎಂದು ಬರೆದಿದ್ದಾರೆ. ಹಾಗಾಗಿ ನನ್ನ ತಲೆಗೆ ಬಂತು.

ಮೊದಲ ಪ್ರಶ್ನೆಗೇ ಅಷ್ಟು ಕಷ್ಟವಾಗಲಿಲ್ಲ. ಪ್ರೊಟೆಸ್ಟಂಟ್, ಕ್ಯಾಥೊಲಿಕ್ ಎಂದು ಶುರುವಾಗಿ ಕೆಳಗೆಲ್ಲೋ ಹಿಂದೂ ಇತ್ತು. ಕಷ್ಟ ಆಗಿದ್ದು ಆಮೇಲೆ. ‘ಮದುವೆ, ಸಾವಿನ ಕಾರ್ಯ ಬಿಟ್ಟು, ನೀವು ಧಾರ್ಮಿಕ ಪ್ರಾರ್ಥನಾ ಸಭೆಗೆ ಎಷ್ಟು ಸಲ ಹೋಗುತ್ತೀರಿ?’ ವಾರಕ್ಕೆ ಒಂದು ಸಲ, ತಿಂಗಳಿಗೆ ಒಂದೆರಡು ಸಲ, ವರ್ಷಕ್ಕೆ ಕೆಲವು ಸಲ, ಹೀಗೆ ಚೌಕಗಳು. ನಮಗೆ ದೇವಸ್ಥಾನ ಕಾರಿನಲ್ಲಿ 40 ನಿಮಿಷ. ಯುಗಾದಿಗೆ, ಗಣೇಶನ ಹಬ್ಬಕ್ಕೆ, ಮಗನ ಪರೀಕ್ಷೆ ಮುಗಿದಾಗ ಹೋಗುತ್ತೇವೆ, ಅಷ್ಟೇ. ಆದರೆ ಮನೆಯಲ್ಲಿ ದೀಪ ಹಚ್ಚದ ದಿನ ಇಲ್ಲ. ‘ವರ್ಷಕ್ಕೆ ಕೆಲವು ಸಲ’ ಎಂದು ಗುರುತು ಹಾಕಿದರೆ ನಾನು ಭಕ್ತಿ ಕಮ್ಮಿ ಇರುವವಳು ಅಂತ ಲೆಕ್ಕ ಆಗುತ್ತದೆ, ಅಲ್ವಾ? ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ‘ದೇವರು ಮನೆಯಲ್ಲೇ ಇರುವಾಗ ಎಲ್ಲಿಗೆ ಹೋಗಬೇಕು ಅಂತೆ?’ ಎಂದರು.

ಇನ್ನೊಂದು ಭಯವೂ ಇದೆ. ಧರ್ಮ ಕೇಳಿದ ಮೇಲೆ ಯಾವ ಪಕ್ಷ ಎಂದೂ ಕೇಳಿದ್ದಾರೆ. ಎರಡೂ ಒಂದೇ ಕಡೆ ಯಾಕೆ ಬೇಕು? ಯಜಮಾನರು ಕಸಕ್ಕೆ ಹಾಕು ಅಂತಾರೆ. ಮಗ ತುಂಬು ಅಂತಾನೆ. ತಿಳಿದವರು ಹೇಳಿ.

ಸ್ಯಾಂಪಲ್_ದಾವಣಗೆರೆ

ಅಕ್ಕಾ, ದಯವಿಟ್ಟು ಕಸಕ್ಕೆ ಹಾಕಬೇಡಿ. ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಫಾರಂ ರೂಪಿಸುವುದು, ಮಾದರಿ ಆರಿಸುವುದು, ಬಂದ ಉತ್ತರಗಳನ್ನು ತೂಗುವುದು.

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಅದು ಮುಯ್ಯಿಯೇ. ಫಾರಂ ತುಂಬಿದ ಮೇಲೆ ದುಡ್ಡು ಕೊಡುತ್ತೇವೆ ಎನ್ನುವುದಕ್ಕಿಂತ ಮೊದಲೇ ಎರಡು ಡಾಲರ್ ಕೈಗಿಟ್ಟರೆ ಜಾಸ್ತಿ ಜನ ಉತ್ತರ ಕಳಿಸುತ್ತಾರೆ. ಕೊಟ್ಟವರಿಗೆ ತಿರುಗಿ ಏನಾದರೂ ಕೊಡಬೇಕು ಎಂಬ ಭಾವನೆ ಎಲ್ಲ ದೇಶದಲ್ಲೂ ಇದೆ.

ಇಷ್ಟೆಲ್ಲ ಯಾಕೆ ಮಾಡುತ್ತಾರೆ ಅಂದರೆ, ಫೋನಿಗೆ ಈಗ ಯಾರೂ ಸಿಗುವುದಿಲ್ಲ. ಪ್ಯೂ ರಿಸರ್ಚ್ ಸೆಂಟರ್ ಎಂಬ ಅಮೆರಿಕದ ಸಮೀಕ್ಷಾ ಸಂಸ್ಥೆಯವರು ತಮ್ಮದೇ ಲೆಕ್ಕ ಹೇಳಿದ್ದಾರೆ. 1997ರಲ್ಲಿ ಅವರ ಫೋನ್ ಸಮೀಕ್ಷೆಗೆ ನೂರಕ್ಕೆ 36 ಮಂದಿ ಉತ್ತರ ಕೊಡುತ್ತಿದ್ದರು. 2018ಕ್ಕೆ ಅದು 6ಕ್ಕೆ ಬಂತು. ಗುರುತಿಲ್ಲದ ನಂಬರು ಬಂದರೆ ನಾವೂ ಎತ್ತುವುದಿಲ್ಲವಲ್ಲ. ಆದ್ದರಿಂದ ಈಗ ಅಂಚೆ ವಿಳಾಸಗಳ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಮನೆ ಆರಿಸುತ್ತಾರೆ. ಹುಟ್ಟುಹಬ್ಬದ ನಿಯಮವೂ ಅದಕ್ಕೇ. ಇಲ್ಲದಿದ್ದರೆ ಪ್ರತಿ ಮನೆಯಲ್ಲೂ ಪುರುಸೊತ್ತು ಇರುವವರು, ಮಾತು ಇಷ್ಟಪಡುವವರು ಮಾತ್ರ ತುಂಬುತ್ತಾರೆ.

ಯಾರು ಉತ್ತರಿಸಿದರು ಎನ್ನುವುದು ಎಷ್ಟು ಮುಖ್ಯ ಅಂತ ಅಮೆರಿಕ ಕಲಿತಿದ್ದು 1936ರಲ್ಲಿ. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು 1 ಕೋಟಿ ಜನಕ್ಕೆ ಅಣಕು ಮತಪತ್ರ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಅದನ್ನು ಎಣಿಸಿ, ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಲ್ಯಾಂಡನ್‌ಗೆ ಸಿಕ್ಕಿದ್ದು ಎರಡೇ ರಾಜ್ಯ, ಮೇನ್ ಮತ್ತು ವರ್ಮಾಂಟ್. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿ ಇಟ್ಟುಕೊಂಡು ಜಾರ್ಜ್ ಗ್ಯಾಲಪ್ ಎಂಬವರು ರೂಸ್‌ವೆಲ್ಟ್ ಗೆಲ್ಲುತ್ತಾರೆ ಎಂದು ಸರಿಯಾಗಿ ಹೇಳಿದ್ದರು. ಪತ್ರಿಕೆ ಹೆಸರು ಆರಿಸಿದ್ದು ಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ. ಆ ಬಡತನದ ದಿನಗಳಲ್ಲಿ ಫೋನು, ಕಾರು ಇದ್ದವರು ಯಾರು? ಅದರಲ್ಲೂ ಕೂತು ಉತ್ತರ ಬರೆದು ಕಳಿಸಿದವರು ಯಾರು? ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕು ಅಂತೀವಿ. ನಿಜ. ಆದರೆ ತಳ ಹಿಡಿದಿದೆಯಾ ಅಂತ ಮೇಲಿನ ಅಗುಳು ಹೇಳುವುದಿಲ್ಲ. ಕೆಳಗಿನವರೆಗೂ ಸೌಟು ಹೋಗಬೇಕು.

ನೀವು ಕಸಕ್ಕೆ ಹಾಕಿದರೆ ಆ ಸೌಟು ನಿಮ್ಮಂಥವರನ್ನು ಮುಟ್ಟದೆ ಮೇಲೆ ಬರುತ್ತದೆ.

ಬಸವನಗುಡಿ_ಬೆಳಗು

ಒಂದು ಪ್ರಶ್ನೆ. ನಮ್ಮ ದೇಶದಲ್ಲಿ ಜನಗಣತಿಯಲ್ಲೇ ಧರ್ಮ ಕೇಳುತ್ತಾರೆ. ಅಲ್ಲಿ ಸರ್ಕಾರವೇ ಎಣಿಸಿದರೆ ಇಷ್ಟು ತಾಪತ್ರಯ ಇಲ್ಲವಲ್ಲ?

ನಿವೃತ್ತ_ಮೇಷ್ಟ್ರು

ಅಲ್ಲಿ ಹಾಗೆ ಕಡ್ಡಾಯವಾಗಿ ಕೇಳುವ ಹಾಗಿಲ್ಲ ಸ್ವಾಮಿ. 1976ರ ಕಾನೂನಿನ ಪ್ರಕಾರ ಜನಗಣತಿಯಲ್ಲಿ ಯಾರಿಗೂ ‘ನಿನ್ನ ಧರ್ಮ ಹೇಳಲೇಬೇಕು’ ಎಂದು ಒತ್ತಾಯ ಮಾಡುವಂತಿಲ್ಲ. ಅದಕ್ಕೂ ಮೊದಲು, 1957ರಲ್ಲಿ, ಜನಗಣತಿ ಇಲಾಖೆ ಒಂದು ಮಾದರಿ ಸಮೀಕ್ಷೆಯಲ್ಲಿ ಇಷ್ಟವಿದ್ದರೆ ಹೇಳಿ ಎಂದು ಕೇಳಿ ನೋಡಿತ್ತು. ಮೂರರಲ್ಲಿ ಎರಡು ಪಾಲು ಪ್ರೊಟೆಸ್ಟಂಟರು, ಕಾಲು ಭಾಗ ಕ್ಯಾಥೊಲಿಕರು ಎಂದು ಬಂತು. ಯಹೂದಿ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಸರ್ಕಾರದ ಕೈಯಲ್ಲಿ ಧರ್ಮದ ಪಟ್ಟಿ ಇದ್ದರೆ ಏನಾಗಬಹುದು ಎಂದು ಅವರು ಯುರೋಪಿನಲ್ಲಿ ಕಣ್ಣಾರೆ ಕಂಡಿದ್ದರು. ಹಾಗಾಗಿ ಅಲ್ಲಿ ಧರ್ಮದ ಲೆಕ್ಕವೆಲ್ಲ ಪ್ಯೂ, ಗ್ಯಾಲಪ್, ಪಿಆರ್‌ಆರ್‌ಐ ಥರದ ಖಾಸಗಿ ಸಂಸ್ಥೆಗಳದ್ದು, ಇಲ್ಲವೇ ಷಿಕಾಗೋ ವಿಶ್ವವಿದ್ಯಾಲಯದ ಎನ್‌ಒಆರ್‌ಸಿ 1972ರಿಂದ ನಡೆಸುತ್ತಿರುವ ಸಾಮಾಜಿಕ ಸಮೀಕ್ಷೆಯದ್ದು.

ಗ್ಯಾಲಪ್‌ನವರ ಒಂದು ಹಳೆಯ ಪ್ರಶ್ನೆ ನನಗೆ ಬಹಳ ಇಷ್ಟ. ‘ನಿಮ್ಮ ಪಕ್ಷ ಒಬ್ಬ ಯೋಗ್ಯ ಅಭ್ಯರ್ಥಿಯನ್ನು ನಿಲ್ಲಿಸಿ, ಅವರು ಕ್ಯಾಥೊಲಿಕ್ ಆಗಿದ್ದರೆ ಅಧ್ಯಕ್ಷ ಸ್ಥಾನಕ್ಕೆ ಓಟು ಹಾಕುತ್ತೀರಾ?’ 1937ರಲ್ಲಿ ಹೌದು ಎಂದವರು ನೂರಕ್ಕೆ 60. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕ್ಯಾಥೊಲಿಕ್ ಕೆನಡಿ 1960ರಲ್ಲಿ ಹ್ಯೂಸ್ಟನ್‌ಗೆ ಹೋಗಿ ಪ್ರೊಟೆಸ್ಟಂಟ್ ಪಾದ್ರಿಗಳ ಎದುರು ನಿಂತು, ತಮ್ಮ ಧರ್ಮ ತಮ್ಮ ಆಡಳಿತಕ್ಕೆ ಅಡ್ಡ ಬರುವುದಿಲ್ಲ ಎಂದು ವಿವರಿಸಬೇಕಾಯಿತು. 2020ರಲ್ಲಿ ಅದೇ ಪ್ರಶ್ನೆಗೆ ಹೌದು ಎಂದವರು 95. ದೇವರನ್ನು ನಂಬದವರ ಬಗ್ಗೆ ಕೇಳಿದಾಗ 1958ರಲ್ಲಿ 18, 2020ರಲ್ಲಿ 60. ಒಂದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಅಷ್ಟು ವರ್ಷ ಕೇಳುತ್ತಾ ಹೋಗಿದ್ದಕ್ಕೆ ಒಂದು ದೇಶದ ಮನಸ್ಸು ಹೇಗೆ ಸಡಿಲವಾಯಿತು ಎಂದು ಕಾಣುತ್ತದೆ. ಇದಕ್ಕಾಗಿಯಾದರೂ ಆ ಫಾರಂ ತುಂಬಮ್ಮಾ.

ಬಸವನಗುಡಿ_ಬೆಳಗು

ಧನ್ಯವಾದ ಮೇಷ್ಟ್ರೇ. ಹಾಗಾದರೆ ಇದನ್ನೂ ಬಿಡಿಸಿ ಹೇಳಿ. ಒಂದು ದಿನ ‘ಅಮೆರಿಕದಲ್ಲಿ ಚರ್ಚುಗಳು ಖಾಲಿ’ ಅಂತ ಸುದ್ದಿ. ಇನ್ನೊಂದು ದಿನ ‘ಅಮೆರಿಕ ಮತ್ತೆ ಧರ್ಮದ ಕಡೆ’ ಅಂತ. ಯಾವುದು ನಿಜ?

ಸ್ಯಾಂಪಲ್_ದಾವಣಗೆರೆ

ಅಂಕಿ ನೋಡಿ ಸರ್. ಪ್ಯೂನವರ ದೊಡ್ಡ ಧಾರ್ಮಿಕ ಸಮೀಕ್ಷೆ ಮೂರು ಸಲ ನಡೆದಿದೆ. 2007ರಲ್ಲಿ ತಾವು ಕ್ರೈಸ್ತರು ಎಂದವರು ನೂರಕ್ಕೆ 78. 2014ರಲ್ಲಿ 71. 2023-24ರಲ್ಲಿ 62. ‘ಯಾವ ಧರ್ಮವೂ ಇಲ್ಲ’ ಎಂದವರು 16ರಿಂದ 23ಕ್ಕೆ, ಅಲ್ಲಿಂದ 29ಕ್ಕೆ ಏರಿದರು. ಕೊನೆಯ ಸಮೀಕ್ಷೆಯಲ್ಲಿ 36,908 ಮಂದಿ ಉತ್ತರಿಸಿದ್ದಾರೆ, ಸಣ್ಣ ಸಂಖ್ಯೆಯಲ್ಲ.

ಆದರೆ ಕ್ರೈಸ್ತರ ಪಾಲು 2019ರ ಆಸುಪಾಸಿನಿಂದ 60 ಮತ್ತು 64ರ ನಡುವೆ ನಿಂತಿದೆ. ಇಳಿಜಾರು ನಿಂತಿದೆ ಎನ್ನುವುದಷ್ಟೇ ಗೊತ್ತಿರುವ ಸಂಗತಿ. ನಿಂತಿದ್ದನ್ನು ‘ಮತ್ತೆ ಏರಿತು’ ಎಂದು ಬರೆದರೆ ತಪ್ಪು. ‘ಇನ್ನೂ ಬೀಳುತ್ತಿದೆ’ ಎಂದರೂ ತಪ್ಪು.

ಚರ್ಚು ಖಾಲಿ ಎನ್ನುವ ಸುದ್ದಿ ಬೇರೆ ಪ್ರಶ್ನೆಯಿಂದ ಬಂದಿದ್ದು. ಗ್ಯಾಲಪ್ ಕೇಳುವುದು ‘ನೀವು ಚರ್ಚ್, ಯಹೂದಿ ಮಂದಿರ ಅಥವಾ ಮಸೀದಿಯ ಸದಸ್ಯರೇ?’ ಎಂದು. 1937ರಲ್ಲಿ 73 ಮಂದಿ ಹೌದು ಎಂದಿದ್ದರು. 2020ರಲ್ಲಿ 47. ಮೊದಲ ಸಲ ಅರ್ಧಕ್ಕಿಂತ ಕೆಳಗೆ ಹೋಯಿತು. ಸದಸ್ಯತ್ವ ಬೇರೆ, ನಂಬಿಕೆ ಬೇರೆ, ಹೋಗುವುದು ಬೇರೆ, ‘ನಾನು ಇಂಥವನು’ ಎಂದು ಹೇಳಿಕೊಳ್ಳುವುದು ಬೇರೆ. ನಾಲ್ಕನ್ನೂ ಒಂದೇ ಚೀಲಕ್ಕೆ ಹಾಕಿ ಸುದ್ದಿ ಮಾಡುತ್ತಾರೆ. ನಮ್ಮ ಕೆಲಸಕ್ಕೆ ಆಗುವ ದೊಡ್ಡ ಅನ್ಯಾಯ ಇದು.

ಧಾರವಾಡದ_ಮಂದಿ

‘ಹೋಗುವುದು’ ಎಂದಿರಲ್ಲ, ಅದರ ಬಗ್ಗೆ ಹೇಳಲೇಬೇಕು. ಜನ ಸಮೀಕ್ಷೆಯವರಿಗೆ ನಿಜ ಹೇಳುತ್ತಾರೆ ಎಂದು ಹೇಗೆ ನಂಬುವುದು? 1993ರಲ್ಲಿ ಹ್ಯಾಡವೇ, ಮಾರ್ಲರ್, ಚೇವ್ಸ್ ಎಂಬ ಮೂವರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ಗ್ಯಾಲಪ್ ಕೇಳಿದಾಗ ನೂರಕ್ಕೆ 40ರಷ್ಟು ಮಂದಿ ಕಳೆದ ವಾರ ಚರ್ಚಿಗೆ ಹೋಗಿದ್ದೆವು ಎನ್ನುತ್ತಿದ್ದರು. ಇವರು ಓಹಾಯೋದ ಒಂದು ಕೌಂಟಿಯಲ್ಲಿ, ಅಕ್ಕಾವರ ರಾಜ್ಯವೇ, ಚರ್ಚುಗಳಲ್ಲಿ ನಿಜವಾಗಿ ಬಂದವರ ಲೆಕ್ಕ ಹಾಕಿದರು. ಹೇಳಿದವರ ಅರ್ಧದಷ್ಟು ಮಾತ್ರ ಬಂದಿದ್ದರು!

ಆಸ್ಟಿನ್_ಅಮ್ಮ

ಅವರನ್ನು ಸುಳ್ಳುಗಾರರು ಎನ್ನಬೇಡಿ. ನಮ್ಮಲ್ಲಿ ಯಾರಾದರೂ ‘ಊಟ ಆಯ್ತಾ?’ ಎಂದು ಕೇಳಿದರೆ, ಆಗದಿದ್ದರೂ ‘ಆಯ್ತು’ ಅಂತೀವಿ. ಅದು ಸುಳ್ಳಲ್ಲ, ಮರ್ಯಾದೆ. ನನ್ನ ಪಕ್ಕದ ಮನೆಯ ಅಜ್ಜಿ ಭಾನುವಾರದ ಚರ್ಚಿನವರು. ಮಂಡಿ ನೋವು ಬಂದ ಮೇಲೆ ತಿಂಗಳುಗಟ್ಟಲೆ ಹೋಗಿಲ್ಲ. ಕೇಳಿದರೆ ಈಗಲೂ ‘ಪ್ರತಿ ಭಾನುವಾರ’ ಎಂದೇ ಹೇಳುತ್ತಾರೆ. ಅವರ ಮನಸ್ಸಿನಲ್ಲಿ ಅವರು ಯಾವತ್ತೂ ತಪ್ಪಿಸಿಲ್ಲ.

ಸ್ಯಾಂಪಲ್_ದಾವಣಗೆರೆ

ಅಮ್ಮಾ, ಎಷ್ಟು ಚೆನ್ನಾಗಿ ಹೇಳಿದಿರಿ. ‘ಊಟ ಆಯ್ತಾ’ ಉದಾಹರಣೆಯನ್ನು ನಮ್ಮ ಆಫೀಸಿನ ಹೊಸ ಹುಡುಗರಿಗೆ ಹೇಳುತ್ತೇನೆ. ಕೇಳುವವರು ಎದುರಿಗಿದ್ದರೆ ಅಥವಾ ಫೋನಿನ ಆ ತುದಿಯಲ್ಲಿದ್ದರೆ ಮರ್ಯಾದೆಯ ಉತ್ತರ ಜಾಸ್ತಿ. ಪಿಆರ್‌ಆರ್‌ಐ 2014ರಲ್ಲಿ ಒಂದೇ ಪ್ರಶ್ನೆಯನ್ನು ಎರಡು ದಾರಿಯಲ್ಲಿ ಕೇಳಿತು. ‘ಚರ್ಚಿಗೆ ಅಪರೂಪ ಅಥವಾ ಹೋಗುವುದೇ ಇಲ್ಲ’ ಎಂದವರು ಫೋನಿನಲ್ಲಿ ನೂರಕ್ಕೆ 30. ಆನ್‌ಲೈನಿನಲ್ಲಿ, ಯಾರೂ ಕೇಳಿಸಿಕೊಳ್ಳದಾಗ, 43. ಹಾಗಾಗಿ ಹಳೆಯ ಫೋನ್ ಸಮೀಕ್ಷೆಯ ಪಕ್ಕದಲ್ಲಿ ಇವತ್ತಿನ ಆನ್‌ಲೈನ್ ಸಮೀಕ್ಷೆ ಇಟ್ಟು ‘ಭಕ್ತಿ ಕುಸಿಯಿತು’ ಎಂದು ಹೇಳುವ ಮೊದಲು ಎರಡು ಸಲ ಯೋಚಿಸಬೇಕು.

ತುಮಕೂರು_ಟು_ಓಹಾಯೋ

ಎಲ್ಲ ಓದುತ್ತಿದ್ದೇನೆ. ಪಕ್ಷದ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ. ಧರ್ಮದ ಜೊತೆ ಅದು ಯಾಕೆ ಬೇಕು?

ಸ್ಯಾಂಪಲ್_ದಾವಣಗೆರೆ

ಅಕ್ಕಾ, ಅಲ್ಲಿ ಎರಡೂ ಒಂದೇ ಹಗ್ಗದ ಎಳೆಗಳು. ಬಿಳಿಯ ಇವ್ಯಾಂಜೆಲಿಕಲ್ (ಬೈಬಲ್ ಮಾತೇ ಅಂತಿಮ, ಅದನ್ನು ಸಾರುವುದು ಕರ್ತವ್ಯ ಎನ್ನುವ) ಪ್ರೊಟೆಸ್ಟಂಟರಲ್ಲಿ ಹತ್ತಕ್ಕೆ ಎಂಟು ಮಂದಿ 2016, 2020, 2024 ಮೂರೂ ಸಲ ಟ್ರಂಪ್‌ಗೆ ಓಟು ಹಾಕಿದರು, ಒಂದಿಷ್ಟು ಆಚೀಚೆ. ಕಪ್ಪು ಜನರ ಪ್ರೊಟೆಸ್ಟಂಟ್ ಚರ್ಚುಗಳವರು ಅಷ್ಟೇ ಅಥವಾ ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಎದುರು ಪಕ್ಷಕ್ಕೆ ಹಾಕಿದರು. ಇಬ್ಬರ ಕೈಯಲ್ಲೂ ಬೈಬಲ್ ಇದೆ. ಇಬ್ಬರೂ ಪ್ರಾರ್ಥನೆ ತಪ್ಪಿಸುವವರಲ್ಲ. ಬರೀ ‘ಧಾರ್ಮಿಕರು ಈ ಪಕ್ಷಕ್ಕೆ’ ಎಂದರೆ ಅರ್ಧ ದೇಶವೇ ಕಾಣೆಯಾಗುತ್ತದೆ. ಅದಕ್ಕೇ ಧರ್ಮ, ಜನಾಂಗ, ಪಕ್ಷ ಮೂರನ್ನೂ ಒಟ್ಟಿಗೆ ಕೇಳುವುದು.

ನನ್ನ ನಿದ್ದೆ ಕೆಡಿಸಿದ ಇನ್ನೊಂದು ವಿಷಯ ಹೇಳುತ್ತೇನೆ. ಧರ್ಮ ಮೊದಲು, ಅದನ್ನು ನೋಡಿ ಜನ ಪಕ್ಷ ಆರಿಸುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಉಲ್ಟಾ ಕೂಡ ನಡೆಯುತ್ತಿದೆ. ಪ್ಯೂ ಅದೇ ಜನರನ್ನು 2016ರಲ್ಲೂ 2020ರಲ್ಲೂ ಕೇಳಿತು. ಮೊದಲ ಸಲ ‘ನಾನು ಇವ್ಯಾಂಜೆಲಿಕಲ್ ಅಲ್ಲ’ ಎಂದಿದ್ದ, ಆದರೆ ಟ್ರಂಪ್ ಬಗ್ಗೆ ಒಲವಿದ್ದ ಬಿಳಿಯರ ಪೈಕಿ ನೂರಕ್ಕೆ 16 ಮಂದಿ ನಾಲ್ಕು ವರ್ಷದಲ್ಲಿ ‘ನಾನು ಇವ್ಯಾಂಜೆಲಿಕಲ್’ ಎಂದರು. ಒಲವಿಲ್ಲದವರಲ್ಲಿ ಹಾಗೆ ಬದಲಾದವರು 1. ಎಡಕ್ಕೂ ಇದೇ ಕಥೆ. 1990ರ ದಶಕದಲ್ಲಿ ‘ಧರ್ಮ ಇಲ್ಲ’ ಎನ್ನುವವರು ನೂರಕ್ಕೆ 7ರಿಂದ 14ಕ್ಕೆ ಏರಿದರು. ಹೌಟ್ ಮತ್ತು ಫಿಶರ್ ಎಂಬ ಸಮಾಜಶಾಸ್ತ್ರಜ್ಞರು 2002ರಲ್ಲಿ ಅದರ ಹಿಂದೆ ಹೋದರು. ಅವರಲ್ಲಿ ಎಷ್ಟೋ ಜನ ದೇವರನ್ನು ಬಿಟ್ಟಿರಲಿಲ್ಲ. ಚರ್ಚಿನ ಹೆಸರಿನಲ್ಲಿ ನಡೆಯುತ್ತಿದ್ದ ಬಲಪಂಥದ ರಾಜಕೀಯ ಅವರಿಗೆ ಹಿಡಿಸಲಿಲ್ಲ. ಆ ಹೆಸರೇ ಬೇಡ ಎಂದು ದೂರ ನಿಂತರು.

ಅಂದರೆ ‘ನಿಮ್ಮ ಧರ್ಮ ಯಾವುದು?’ ಎಂಬ ಚೌಕದಲ್ಲಿ ಕೆಲವರು ದೇವರ ಬಗ್ಗೆ ಉತ್ತರ ಬರೆಯುತ್ತಿದ್ದಾರೆ. ಕೆಲವರು ಯಾವ ಗುಂಪಿನ ಜೊತೆ ನಿಂತಿದ್ದೇವೆ ಎಂದು ಬರೆಯುತ್ತಿದ್ದಾರೆ. ಎರಡನ್ನೂ ಬೇರ್ಪಡಿಸಬೇಕಾದರೆ ಪಕ್ಷ ಕೇಳಲೇಬೇಕು.

ಉತ್ತರದ ಜೊತೆ ನಿಮ್ಮ ಹೆಸರು ಹೊರಗೆ ಹೋಗುವುದಿಲ್ಲ. ಕಾಗದದಲ್ಲಿ ಆ ಮಾತು ಬರೆದಿರಬೇಕು, ನೋಡಿಕೊಳ್ಳಿ. ಬರೆದಿಲ್ಲದಿದ್ದರೆ ತುಂಬಬೇಡಿ.

ಆಸ್ಟಿನ್_ಅಮ್ಮ

ನನಗೂ ಒಂದು ಸಂಕಟ ಇದೆ, ಹೇಳಿಬಿಡುತ್ತೇನೆ. 2022ರಲ್ಲಿ ಒಂದು ಸಮೀಕ್ಷೆ ಬಂತು. ಅಮೆರಿಕ ಕ್ರೈಸ್ತ ರಾಷ್ಟ್ರ ಆಗಿರಬೇಕು ಎಂದವರು ನೂರಕ್ಕೆ 45 ಅಂತೆ. ಮಗಳು ಓದಿ ತೋರಿಸಿದಳು. ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದೇವೆ. ಅವಳು ಇಲ್ಲೇ ಹುಟ್ಟಿದವಳು. ಆ ದಿನ ಊಟ ಸೇರಲಿಲ್ಲ. ಬೀದಿಯಲ್ಲಿ ನಡೆಯುವಾಗ ಎದುರು ಬಂದವರನ್ನೆಲ್ಲ ಎಣಿಸಿದ ಹಾಗೆ ಆಗುತ್ತಿತ್ತು. ಇವರು ಆ 45ರಲ್ಲಿ ಇದ್ದಾರಾ, ಇಲ್ಲವಾ?

ನಿವೃತ್ತ_ಮೇಷ್ಟ್ರು

ತಾಯೀ, ಆ ವರದಿಯ ಒಳಪುಟ ಓದಬೇಕು. ಪ್ಯೂ ಅದೇ 45 ಮಂದಿಯ ಗುಂಪಿಗೆ ಮುಂದಿನ ಪ್ರಶ್ನೆ ಕೇಳಿತ್ತು. ಸರ್ಕಾರ ಕ್ರೈಸ್ತ ಧರ್ಮವನ್ನು ಅಧಿಕೃತ ಧರ್ಮ ಎಂದು ಘೋಷಿಸಬೇಕು ಎಂದವರು ಅವರಲ್ಲಿ ನೂರಕ್ಕೆ 28. ಯಾವ ಧರ್ಮವನ್ನೂ ಹಾಗೆ ಘೋಷಿಸಲೇಬಾರದು ಎಂದವರು 52. ಬಹಳ ಮಂದಿಗೆ ಕ್ರೈಸ್ತ ರಾಷ್ಟ್ರ ಎಂದರೆ ಒಳ್ಳೆಯ ನಡತೆ, ನೆರೆಯವರನ್ನು ಪ್ರೀತಿಸುವುದು, ಅಷ್ಟೇ.

ಆ 28 ಕೂಡ ಸಣ್ಣ ಸಂಖ್ಯೆಯಲ್ಲ, ನಿಮ್ಮ ಭಯ ಸುಮ್ನೆ ಬಂದಿದ್ದಲ್ಲ. ಆದರೆ ನೀವು ಬೀದಿಯಲ್ಲಿ ಎಣಿಸಿದ 45 ಮತ್ತು ನಿಜವಾಗಿ ಭಯ ಪಡಬೇಕಾದ ಸಂಖ್ಯೆ ಒಂದೇ ಅಲ್ಲ. ಎರಡನೇ ಪ್ರಶ್ನೆಯನ್ನೂ ಸುದ್ದಿಯವರು ಮೊದಲ ಸಾಲಿನಲ್ಲೇ ಬರೆದಿದ್ದರೆ ಆ ದಿನ ನೀವು ಊಟ ಮಾಡುತ್ತಿದ್ದಿರಿ.

ಆಸ್ಟಿನ್_ಅಮ್ಮ

ಮೇಷ್ಟ್ರೇ, ಇದನ್ನು ಮಗಳಿಗೆ ಇವತ್ತೇ ಓದಿ ಹೇಳುತ್ತೇನೆ.

ಮೂಡಬಿದಿರೆ_ಮಿಶಿಗನ್

ನಮ್ಮ ಮಾತು ಯಾರೂ ಎತ್ತಲಿಲ್ಲ. ಓಹಾಯೋ ಅಕ್ಕನಿಗೆ ಕನಿಷ್ಠ ಒಂದು ಚೌಕವಾದರೂ ಇದೆ. ನಾವು ಜೈನರು. ಪಟ್ಟಿಯಲ್ಲಿ ಹೆಸರೇ ಇಲ್ಲ. ‘ಬೇರೆ ಏನಾದರೂ’ ಎಂಬ ಚೌಕಕ್ಕೆ ಗುರುತು ಹಾಕಿ ಪಕ್ಕದ ಗೆರೆಯ ಮೇಲೆ ಬರೆಯಬೇಕು. ಸಾವಿರ ಕಂಬದ ಬಸದಿಯ ಊರಿನವಳಿಗೆ ಒಂದು ಗೆರೆ! ನನ್ನ ಗೆಳತಿ ಲಿಂಗಾಯತರು. ಅವರ ಮನೆಯಲ್ಲಿ ಒಬ್ಬರು ಹಿಂದೂ ಎನ್ನುತ್ತಾರೆ, ಇನ್ನೊಬ್ಬರು ಲಿಂಗಾಯತ ಎಂದೇ ಬರೆಯಬೇಕು ಎನ್ನುತ್ತಾರೆ. ಒಂದೇ ಮನೆ, ಒಂದೇ ಇಷ್ಟಲಿಂಗ, ಎರಡು ಧರ್ಮ ಎಂದು ಲೆಕ್ಕವಾಗುತ್ತದೆ.

ಸ್ಯಾಂಪಲ್_ದಾವಣಗೆರೆ

ಗೆರೆಯ ಮೇಲೆ ತಪ್ಪದೆ ಬರೆಯಿರಿ. ಆ ಗೆರೆಗಳನ್ನು ಒಬ್ಬರು ಕೂತು ಓದಿ ವಿಂಗಡಿಸುತ್ತಾರೆ, ನಾನೂ ಅದನ್ನು ಮಾಡಿದ್ದೇನೆ. ಖಾಲಿ ಬಿಟ್ಟರೆ ಮಾತ್ರ ಕಳೆದುಹೋಗುತ್ತೀರಿ.

ನಿಮ್ಮ ದೂರು ನ್ಯಾಯವಾದದ್ದು. ಈ ಸಮೀಕ್ಷೆಗಳ ಅಡಿಪಾಯವನ್ನು ಚರ್ಚನ್ನು ನೋಡಿ ಹಾಕಿದ್ದಾರೆ. ಪ್ಯೂನ 2014ರ ಅಷ್ಟು ದೊಡ್ಡ ಸಮೀಕ್ಷೆಯಲ್ಲಿ, 35,000 ಜನರ ನಡುವೆ, ಹಿಂದೂಗಳು ಇದ್ದದ್ದು 199 ಮಂದಿ. ಮಾತಾಡಿಸಿದ್ದು ಇಂಗ್ಲಿಷ್, ಸ್ಪ್ಯಾನಿಷ್‌ನಲ್ಲಿ ಮಾತ್ರ. 199 ಮಂದಿಯಿಂದ ಬಂದ ಯಾವ ಅಂಕಿಯೂ ನೂರಕ್ಕೆ ಏಳಕ್ಕಿಂತ ಜಾಸ್ತಿ ಆಚೀಚೆ ಆಗಬಹುದು. ‘ಅಮೆರಿಕದ ಹಿಂದೂಗಳು ಹೀಗೆ’ ಎಂದು ಅದನ್ನು ಹಿಡಿದು ಬರೆದ ಲೇಖನ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

2022-23ರಲ್ಲಿ ಏಷ್ಯಾ ಮೂಲದವರಿಗಾಗಿಯೇ ಪ್ಯೂ ಬೇರೆ ಸಮೀಕ್ಷೆ ಮಾಡಿತು. 7,006 ಮಂದಿ. ಭಾರತ ಮೂಲದವರಲ್ಲಿ ಹಿಂದೂ ಎಂದವರು 48. ಅರ್ಧಕ್ಕಿಂತ ಕಮ್ಮಿ. ಭಾರತದವರೆಲ್ಲ ಹಿಂದೂಗಳು ಎಂದು ಇಲ್ಲಿ ಅಂದುಕೊಂಡವರಿಗೆ ಇದು ಗೊತ್ತಾಗಬೇಕು. ಅದು ಆರು ಭಾಷೆಯಲ್ಲಿ ನಡೆಯಿತು. ಭಾರತದ ಭಾಷೆ ಎಂದರೆ ಹಿಂದಿ ಒಂದೇ.

ಧಾರವಾಡದ_ಮಂದಿ

ಕನ್ನಡ ಇಲ್ಲ! ಅದೇ ಸಂಸ್ಥೆ ಭಾರತದಲ್ಲಿ 2019-20ರಲ್ಲಿ ಧರ್ಮದ ಸಮೀಕ್ಷೆ ಮಾಡಿದಾಗ 17 ಭಾಷೆಯಲ್ಲಿ ಮನೆಮನೆಗೆ ಹೋಗಿ ಕೇಳಿತ್ತು. ಸುಮಾರು 30,000 ಮಂದಿಯನ್ನು. ಅಲ್ಲಿ ಆಗುವುದು ಅಮೆರಿಕದಲ್ಲಿ ಯಾಕೆ ಆಗುವುದಿಲ್ಲ?

ಸ್ಯಾಂಪಲ್_ದಾವಣಗೆರೆ

ಖರ್ಚು. ಅನುವಾದ, ಆ ಭಾಷೆ ಬಲ್ಲ ಸಂದರ್ಶಕರು, ಇಷ್ಟಕ್ಕೆಲ್ಲ ಇಷ್ಟು ಜನ ಇದ್ದಾರೆ ಎಂದು ತೋರಿಸಬೇಕು. ಉತ್ತರ ಕೊಡದವರನ್ನು ಇದ್ದಾರೆ ಎಂದು ತೋರಿಸುವುದು ಹೇಗೆ? ಅದಕ್ಕೇ ಮೊದಲಿಂದ ಹೇಳುತ್ತಿರುವುದು, ಕವರು ಬಂದರೆ ತುಂಬಿ.

ಓಹಾಯೋ ಅಕ್ಕಾ, ನಿಮ್ಮ ದೀಪದ ಪ್ರಶ್ನೆಗೆ ಉತ್ತರ ಬಾಕಿ ಇದೆ. ಎಷ್ಟು ಸಲ ಹೋಗುತ್ತೀರಿ ಎಂಬುದಕ್ಕೆ ನಿಜವಾದ ಲೆಕ್ಕವನ್ನೇ ಹಾಕಿ. ಭಕ್ತಿ ಕಮ್ಮಿ ಕಾಣುತ್ತದೆ ಎಂದು ಹೆಚ್ಚಿಸಬೇಡಿ. ‘ಎಷ್ಟು ಸಲ ಪ್ರಾರ್ಥನೆ ಮಾಡುತ್ತೀರಿ’ ಎಂಬ ಇನ್ನೊಂದು ಪ್ರಶ್ನೆ ಮುಂದೆ ಇರುತ್ತದೆ. ದೀಪ ಅಲ್ಲಿ ಬರುತ್ತದೆ. ಕೊನೆಯ ಪುಟದಲ್ಲಿ ಅಭಿಪ್ರಾಯಕ್ಕೆ ಜಾಗ ಇದ್ದರೆ ನಿಮ್ಮ ಮಾತನ್ನೇ ಬರೆಯಿರಿ.

ತುಮಕೂರು_ಟು_ಓಹಾಯೋ

ನಿನ್ನೆ ರಾತ್ರಿ ಊಟ ಆದ ಮೇಲೆ ಟೇಬಲ್ ಒರೆಸಿ ಕೂತು ತುಂಬಿದೆ. ಮಗ ಪಕ್ಕದಲ್ಲಿದ್ದ. ಕಾಗದದಲ್ಲಿ ಹೆಸರು ಗುಟ್ಟಾಗಿ ಇಡುತ್ತೇವೆ ಎಂದು ಬರೆದಿದ್ದರು, ಯಜಮಾನರಿಗೂ ತೋರಿಸಿದೆ. ಹಿಂದೂ ಎಂದು ಗುರುತು ಹಾಕಿದೆ. ವರ್ಷಕ್ಕೆ ಕೆಲವು ಸಲ ಎಂದು ಹಾಕಿದೆ. ಪ್ರಾರ್ಥನೆಯ ಪ್ರಶ್ನೆ ನಿಜವಾಗಿಯೂ ಮುಂದಿನ ಪುಟದಲ್ಲಿತ್ತು, ‘ಪ್ರತಿದಿನ’ ಎಂದು ಹಾಕಿದೆ. ಪಕ್ಷದ ಪ್ರಶ್ನೆಗೂ ಉತ್ತರ ಕೊಟ್ಟೆ.

ಕೊನೆಯಲ್ಲಿ ನಾಲ್ಕು ಗೆರೆ ಜಾಗ ಇತ್ತು. ನಮ್ಮ ಮನೆಯಲ್ಲಿ ದೇವರ ಮನೆ ಇದೆ, ಬೆಳಿಗ್ಗೆ ಸಂಜೆ ದೀಪ ಹಚ್ಚುತ್ತೇವೆ, ಇದಕ್ಕೆ ನಿಮ್ಮ ಫಾರಂನಲ್ಲಿ ಒಂದು ಚೌಕ ಇಡಿ ಎಂದು ಇಂಗ್ಲಿಷ್‌ನಲ್ಲಿ ಬರೆದೆ. ಅಮ್ಮ ಏನು ಬರೆದೆ ಎಂದು ಕೇಳಿ, ಶುಕ್ರವಾರ ಎರಡು ದೀಪ ಹಚ್ಚುತ್ತೇವೆ ಅಂತ ಸೇರಿಸು ಎಂದರು. ಸೇರಿಸಿದೆ. ಇವತ್ತು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಕವರು ತೆಗೆದುಕೊಂಡು ಹೋದರು.